ಹ್ಯಾಂಡಲ್ ಎಳೆದರೆ ನೀರು ಬರಲಿಲ್ಲ

ಚಿಂತಾಮಣಿಯಿಂದ ಮುರುಗಮಲ್ಲದ ಕಡೆಗೆ ಹೋಗುವ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಮೂರು ವರ್ಷ ಆಪರೇಟರ್ ಆಗಿದ್ದೆ. ಹುಣಸೆಹಣ್ಣು ಕಪ್ಪಾಗದಂತೆ ತಿಂಗಳುಗಟ್ಟಲೆ ತಣ್ಣಗಿಡುವ ಕೋಣೆಗಳು ಅಲ್ಲಿದ್ದವು. ಆ ತಂಪು ಹುಟ್ಟುವುದು ಅಮೋನಿಯಾದಿಂದ. ನಾನು ತೊಂಡೇಬಾವಿ ಕಡೆಯವನು, ಗೌರಿಬಿದನೂರಿನಲ್ಲಿ ಐಟಿಐ ಮುಗಿಸಿದವನು. ಅಮೋನಿಯಾ ಬಗ್ಗೆ ಗೊತ್ತಿದ್ದದ್ದೆಲ್ಲ ನನ್ನ ಹಿರಿಯ ಆಪರೇಟರ್ ಹೇಳಿಕೊಟ್ಟದ್ದು. ಅವರನ್ನು ಅಣ್ಣ ಅನ್ನುತ್ತಿದ್ದೆ. ಮುರುಗಮಲ್ಲದವರು, ಮನೆಯಲ್ಲಿ ತೆಲುಗು, ಕೆಲಸದಲ್ಲಿ ಕನ್ನಡ. ಕಂಪ್ರೆಸರಿನ ಸದ್ದು ಕೇಳಿಯೇ ಒಳಗೇನು ತೊಂದರೆ ಎಂದು ಹೇಳಬಲ್ಲ ಮನುಷ್ಯ.

ಬೆಳಗಿನ ಪಾಳಿಯಲ್ಲಿ ನನ್ನ ಮೊದಲ ಕೆಲಸ ಸೇಫ್ಟಿ ರಿಜಿಸ್ಟರ್ ತುಂಬುವುದು. ಮಾಸ್ಕ್, ಕೈಗವಸು, ಗ್ಯಾಸ್ ಅಲಾರಂ, ಸೇಫ್ಟಿ ಷವರ್. ಪ್ರತಿಯೊಂದರ ಮುಂದೆ 'ಸರಿ ಇದೆ' ಎಂದು ಬರೆದು ಸಹಿ. ಸೇಫ್ಟಿ ಷವರ್ ಅಂದರೆ ಮೆಷಿನ್ ರೂಮಿನ ಬಾಗಿಲ ಪಕ್ಕ ನಿಲ್ಲಿಸಿದ ಹಸಿರು ಪೈಪು. ಮೈಮೇಲೆ ಅಮೋನಿಯಾ ಬಿದ್ದರೆ ಅದರಡಿ ನಿಂತು ಹ್ಯಾಂಡಲ್ ಎಳೆಯಬೇಕು, ತಲೆಯ ಮೇಲೆ ನೀರು ಸುರಿಯುತ್ತದೆ. ನಾನು ಟೀ ಕುಡಿಯುತ್ತ ಕುರ್ಚಿಯಲ್ಲಿ ಕೂತೇ ಪುಟ ತುಂಬುತ್ತಿದ್ದೆ.

ಅವತ್ತು ಎಣ್ಣೆ ಬಿಡುವ ದಿನ. ಕಂಪ್ರೆಸರಿಗೆ ಹಾಕಿದ ಎಣ್ಣೆ ಸ್ವಲ್ಪ ಸ್ವಲ್ಪವೇ ಅಮೋನಿಯಾದ ಜೊತೆ ಹೋಗಿ ಟ್ಯಾಂಕಿನ ತಳದಲ್ಲಿ ಸೇರಿಕೊಳ್ಳುತ್ತದೆ. ಆಗಾಗ ಕೆಳಗಿನ ವಾಲ್ವ್ ತಿರುಗಿಸಿ ಅದನ್ನು ಬಕೆಟ್ಟಿಗೆ ಬಿಡಬೇಕು. ಇಬ್ಬರಿರಬೇಕು, ಮಾಸ್ಕ್ ಹಾಕಿರಬೇಕು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು.

"ಐದು ನಿಮಿಷದ ಕೆಲ್ಸ ಕಣಯ್ಯ, ನೀನು ಹೊರಗಿರು" ಅಂದು ಅಣ್ಣ ಮಾಸ್ಕಿಲ್ಲದೆ ಒಬ್ಬರೇ ಒಳಗೆ ಹೋದರು.

ಎಣ್ಣೆ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಬರಲಿಲ್ಲವೆಂದು ಅವರು ವಾಲ್ವನ್ನು ಇನ್ನಷ್ಟು ತೆರೆದಿದ್ದಾರೆ. ಕಟ್ಟಿದ್ದು ಒಮ್ಮೆಲೇ ಬಿಟ್ಟುಕೊಂಡಿತು, ಎಣ್ಣೆಯ ಹಿಂದೆಯೇ ಅಮೋನಿಯಾ ನುಗ್ಗಿತು. ಹೊರಗೆ ನನಗೆ ಕೇಳಿಸಿದ್ದು ಬಸ್ಸಿನ ಟೈರು ಒಡೆದಂಥ ಸದ್ದು. ತಿರುಗಿ ನೋಡಿದರೆ ಬಾಗಿಲ ತುಂಬ ಬಿಳಿ ಹೊಗೆ. ಅದರೊಳಗಿಂದ ಅಣ್ಣ ತೆಲುಗಿನಲ್ಲಿ ಕೂಗುತ್ತಿದ್ದರು: "ನೀಳ್ಳು! ನೀಳ್ಳು!" ನೀರು ಕೇಳುತ್ತಿದ್ದರು.

ಹೊರಗೋಡೆಯ ಮೇಲಿನ ವಾಲ್ವ್ ತಿರುಗಿಸಿ ಅಮೋನಿಯಾ ಲೈನ್ ಮುಚ್ಚಿದೆ. ಬೀರುವಿನಿಂದ ಮಾಸ್ಕ್ ತೆಗೆದು ಹಾಕಿಕೊಂಡೆ. ಉಸಿರು ಎಳೆದರೆ ಬರುತ್ತಿಲ್ಲ. ಮುಖಕ್ಕೆ ಯಾರೋ ಅಂಗೈ ಒತ್ತಿ ಹಿಡಿದ ಹಾಗೆ. ಗ್ಯಾಸೇ ಒಳಗೆ ಹೋಯಿತೆಂದು ಹೆದರಿ ಕಿತ್ತೆಸೆದೆ. ಉಸಿರು ಬಿಗಿಹಿಡಿದು ನುಗ್ಗಿ, ಕೈಗೆ ಸಿಕ್ಕಿದ ಅಂಗಿ ಹಿಡಿದು ಅವರನ್ನು ಎಳೆದುಕೊಂಡು ಬಂದೆ. ಷವರಿನ ಕೆಳಗೆ ನಿಲ್ಲಿಸಿ ಹ್ಯಾಂಡಲ್ ಜಗ್ಗಿದೆ.

ಒಂದು ಹನಿ ನೀರು ಬರಲಿಲ್ಲ.

ಇನ್ನೊಮ್ಮೆ ಜಗ್ಗಿದೆ. ಆಗ ನೆನಪಾಯಿತು. ಎಂಟು ತಿಂಗಳ ಹಿಂದೆ ಆ ಷವರು ತೊಟ್ಟಿಕ್ಕಿ ನೆಲವೆಲ್ಲ ಪಾಚಿ ಕಟ್ಟುತ್ತಿತ್ತು. ಯಾರಾದರೂ ಜಾರಿ ಬಿದ್ದಾರೆಂದು ಕಾಂಪೌಂಡಿನ ಹತ್ತಿರ ಅದರ ನೀರಿನ ವಾಲ್ವ್ ಮುಚ್ಚಿದವನು ನಾನೇ. ಅಣ್ಣ ಕಣ್ಣುಜ್ಜುತ್ತ ನನ್ನ ಕಾಲ ಬಳಿ ಕುಸಿದರೂ ನಾನು ಹ್ಯಾಂಡಲ್ ಹಿಡಿದು ನಿಂತೇ ಇದ್ದೆ.

ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಗೇಟಿನ ಕಡೆ ಓಡುತ್ತಿದ್ದರು. ಅವರಲ್ಲಿ ಅಂಬಾಜಿದುರ್ಗದ ಕಡೆಯ ಒಬ್ಬಾಕೆ ಮಾತ್ರ ವಾಪಸು ಬಂದಳು. ಕುಡಿಯುವ ನೀರಿನ ಡ್ರಮ್ಮಿನಿಂದ ಬಿಂದಿಗೆ ಮೊಗೆದು ಅಣ್ಣನ ಮುಖಕ್ಕೆ ಸುರಿದಳು.

"ಕಣ್ಣು ಬಿಡಣ್ಣ, ಉಜ್ಜಬ್ಯಾಡ, ಬಿಡು!" ನನ್ನ ಕಡೆ ತಿರುಗಿ, "ನೋಡ್ತಾ ನಿಂತಿದ್ದೀಯಲ್ಲಪ್ಪ, ಇನ್ನೊಂದು ಬಿಂದಿಗೆ ತಾ!" ಎಂದು ಗದರಿದಳು.

ಆ ಗದರಿಕೆಗೇ ನನಗೆ ಮೈಮೇಲೆ ಜ್ಞಾನ ಬಂದದ್ದು. ಡ್ರಮ್ಮು ಬರಿದಾಗುವವರೆಗೆ ಇಬ್ಬರೂ ಸುರಿದೆವು. ಆ ನೀರು ಇಲ್ಲದಿದ್ದರೆ ಎರಡು ಕಣ್ಣೂ ಹೋಗುತ್ತಿದ್ದವು ಎಂದು ಚಿಂತಾಮಣಿಯ ಡಾಕ್ಟರು ಆಮೇಲೆ ಹೇಳಿದರು. ಹೋದದ್ದು ಒಂದು.

ಮೂರನೆಯ ದಿನ ಚಿಕ್ಕಬಳ್ಳಾಪುರದಿಂದ ವಿಚಾರಣೆಗೆ ಒಬ್ಬ ಮಹಿಳಾ ಅಧಿಕಾರಿ ಬಂದರು. ಷವರಿನ ನೀರು ಮುಚ್ಚಿದ್ದು ಪ್ಲಂಬರ್ ಅಂತ ಹೇಳಿಬಿಡು ಎಂದು ಮ್ಯಾನೇಜರ್ ಮೊದಲೇ ಕಿವಿಯಲ್ಲಿ ಹೇಳಿದ್ದರು. ಅಧಿಕಾರಿ ನಾನು ಕಿತ್ತೆಸೆದಿದ್ದ ಮಾಸ್ಕ್ ತಿರುಗಿಸಿ, ಫಿಲ್ಟರಿನ ಬಾಯಿಗೆ ಅಂಟಿಸಿದ್ದ ಸೀಲನ್ನು ಉಗುರಿನಿಂದ ಕಿತ್ತು ತೋರಿಸಿದರು.

"ಇದನ್ನ ತೆಗೀದೆ ಹಾಕ್ಕೊಂಡ್ರೆ ಗಾಳಿ ಎಲ್ಲಿಂದ ಬರತ್ತೆ?"

ಮೂರು ವರ್ಷ 'ಸರಿ ಇದೆ' ಎಂದು ಬರೆದ ನನಗೆ ಅಲ್ಲೊಂದು ಸೀಲ್ ಇರುತ್ತದೆ ಎಂಬುದೇ ಗೊತ್ತಿರಲಿಲ್ಲ.

ಆಮೇಲೆ ರಿಜಿಸ್ಟರ್ ತೆರೆದರು. "ಷವರ್ ಸರಿ ಇದೆ ಅಂತ ಅವತ್ತು ಬೆಳಿಗ್ಗೆನೂ ಬರ್ದಿದೆ. ಸಹಿ ಯಾರ್ದು?"

"ನಂದೇ ಮೇಡಂ."

ಪುಟ ತಿರುಗಿಸಿದರು. ಅಪಘಾತದ ಮಾರನೆಯ ದಿನದ ಪುಟ. ಅದರಲ್ಲೂ 'ಸರಿ ಇದೆ', ನನ್ನ ಸಹಿ. ಇನ್ನೊಂದು ಪುಟ. ಅದರಲ್ಲೂ. ಅಪಘಾತಕ್ಕೆ ಮೊದಲೇ, ಸೋಮವಾರ ಕೂತು ಇಡೀ ವಾರದ್ದನ್ನು ಬರೆದಿಟ್ಟಿದ್ದೆ. ಅಧಿಕಾರಿ ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ವಾಲ್ವ್ ಮುಚ್ಚಿದ್ದೂ ನಾನೇ ಎಂದುಬಿಟ್ಟೆ. ಮ್ಯಾನೇಜರ್ ಕಿಟಕಿಯಾಚೆ ನೋಡತೊಡಗಿದರು.

ಎಲ್ಲ ಸರಿಪಡಿಸುವ ತನಕ ಮೆಷಿನ್ ರೂಮಿಗೆ ಬೀಗ ಬಿತ್ತು. ನನ್ನನ್ನು ಕೆಲಸದಿಂದ ತೆಗೆದರು. ಈಗ ಶಿಡ್ಲಘಟ್ಟದ ಕಡೆ ಒಂದು ಹಾಲು ತಂಪು ಮಾಡುವ ಘಟಕದಲ್ಲಿದ್ದೇನೆ. ಅಲ್ಲೂ ಅಮೋನಿಯಾವೇ.

ಅಣ್ಣನ ಮನೆಗೆ ಹೋಗಲು ನನಗೆ ಎರಡು ತಿಂಗಳು ಧೈರ್ಯ ಬರಲಿಲ್ಲ. ಹೋದಾಗ ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಹೇಳಬೇಕೆಂದಿದ್ದ ಮಾತನ್ನು ನಿಂತಲ್ಲೇ ಹೇಳಿದೆ: "ಅಣ್ಣ, ಷವರ್ ನೀರು ಬಂದ್ ಮಾಡಿದ್ದು ನಾನು."

"ಗೊತ್ತು ಕಣಯ್ಯ" ಅಂದರು. "ನೀನು ತಿರುಗಿಸೋದನ್ನ ನಾನು ನೋಡಿದ್ದೆ. ವಾಷರ್ ತಂದು ಹಾಕ್ಸಣ ಅಂದ್ಕೊಂಡೆ. ದಿನಾ ಅದರ ಮುಂದೆನೇ ಓಡಾಡಿದೀನಿ."

ನಾನು ಜಗಲಿಯ ಅಂಚಿನಲ್ಲಿ ಕೂತುಬಿಟ್ಟೆ. ಅತ್ತಿಗೆ ಒಳಗಿಂದ ಟೀ ತಂದಿಟ್ಟರು. ಅಣ್ಣ ಲೋಟಕ್ಕೆ ಕೈ ಚಾಚಿದರು. ಒಂದು ಕಣ್ಣಿನಲ್ಲಿ ದೂರ ಅಂದಾಜಾಗದೆ ಕೈ ಲೋಟದ ಪಕ್ಕಕ್ಕೆ ಹೋಯಿತು. ನಾನು ಲೋಟ ಎತ್ತಿ ಅವರ ಕೈಗೆ ಕೊಟ್ಟೆ.