ನೀರಿನ ಕ್ಯಾನಿನ ಡಮಾಮಿ

ಗಲ್ಫಿನ ಅಲ್ ಕೂಜ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಇನಾಸ್ ಸಿದ್ದಿಯನ್ನು ಕಂಡರೆ ಕೀನ್ಯಾದ ವಾಚ್‌ಮನ್‌ಗೆ ಎಲ್ಲಿಲ್ಲದ ಅಕ್ಕರೆ. ತನ್ನ ಕಡೆಯವನೇ ಎಂದುಕೊಂಡು ದಿನಾ ಸ್ವಾಹಿಲಿಯಲ್ಲಿ ಊರ ಸುದ್ದಿ ಕೇಳುತ್ತಾನೆ. ಇನಾಸನ ಹಿರಿಯರು ಆಫ್ರಿಕ ಬಿಟ್ಟು ಹಳಿಯಾಳದ ಕಾಡು ಸೇರಿ ಎಷ್ಟು ತಲೆಮಾರಾಯಿತೋ, ಅವನಿಗೇ ತಿಳಿಯದು. ಬರುವುದು ಕನ್ನಡ, ಕೊಂಕಣಿ ಅಷ್ಟೆ. ಆದರೂ ಅಷ್ಟು ಪ್ರೀತಿಯಿಂದ ಕೇಳುವವನ ಮನಸ್ಸು ಮುರಿಯಲಾರದೆ, ಮಳೆ ಬೆಳೆ ಎಲ್ಲ ಚಲೋ ಐತಿ ಎಂದು ಕನ್ನಡದಲ್ಲೇ ಹೇಳುತ್ತಾನೆ. ಇಬ್ಬರಿಗೂ ಸಮಾಧಾನ.

ಈ ಸಲ ಊರಿನ ಸಿದ್ದಿಗಳ ಇಗರ್ಜಿಗೆ ನೂರು ತುಂಬುತ್ತಿತ್ತು. ಅಲ್ಲಿ ಹಬ್ಬದ ಪೂಜೆಯಾದ ಮೇಲೆ ಡಮಾಮಿ ಎಂಬ ಚರ್ಮವಾದ್ಯಕ್ಕೆ ಮೊದಲ ಪೆಟ್ಟು ಹಾಕುವುದು ಇನಾಸನ ಮನೆಯವರೇ. ಹಾಕಿದವನೇ ಕೊನೆಯ ಪೆಟ್ಟನ್ನೂ ಹಾಕಬೇಕು. ನಡುವೆ ಕೈ ಬದಲಾಗುವಂತಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಕೈ ಇನಾಸನದು. ಅವನು ಬಹಳ ಮೊದಲೇ ರಜೆ ಕೇಳಿಟ್ಟಿದ್ದ. ಆದರೆ ಮದುವೆಗೆಂದು ಹೋದ ಬದಲಿ ಡ್ರೈವರ್, ಮದುವೆಯಾದ ಸುಖಕ್ಕೆ ಮರಳಲೇ ಇಲ್ಲ. ಇನಾಸನ ರಜೆ ಖಲಾಸ್.

ಅಕ್ಕ ರೋಸಿ ಬಿಡಬೇಕಲ್ಲ. ಅಲ್ಲಿಂದಲೇ ಬಾರಿಸಿ ಕಳಿಸು, ಮೈಕಿಗೆ ಹಿಡಿಯುತ್ತೇವೆ ಎಂದಳು.

ಹಬ್ಬದ ಬೆಳಿಗ್ಗೆ ರೂಮಿನ ಜೊತೆಗಾರ, ಮಂಗಳೂರಿನ ಲೆಸ್ಟರ್, ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ಸಿಕ್ಕಿದ ಪಾತ್ರೆಗಳಿಗೆಲ್ಲ ಬರಿದು ಮಾಡಿಕೊಟ್ಟು, ಫೋನಿನಲ್ಲಿ ದನಿ ಕಳಿಸುವ ಗುಂಡಿ ಒತ್ತಿ ಹಿಡಿದು ಕುಳಿತ. ಇನಾಸ್ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡ. ಮೊದಮೊದಲು ಕ್ಯಾನು ಕ್ಯಾನಿನ ಹಾಗೆಯೇ ಸದ್ದು ಮಾಡಿತು. ಆಮೇಲೆ ಅಂಗೈಗೆ ನೆನಪು ಬಂತು. ಇಗರ್ಜಿಯ ಅಂಗಳ, ಬರಿಗಾಲುಗಳು ಎಬ್ಬಿಸುವ ಧೂಳು, ಅಪ್ಪನ ಬೆವೆತ ಹೆಗಲು. ಕಣ್ಣು ಮುಚ್ಚಿಯೇ ಬಾರಿಸುತ್ತಿದ್ದ.

ಹೊರಗೆ ಹಾರ್ನ್ ಆಯಿತು.

"ಯಲ್ಲಾ, ನಡಿ ಮಾರಾಯ, ಡ್ಯೂಟಿ ವ್ಯಾನ್ ಬಂತು," ಎಂದು ಎದ್ದ ಲೆಸ್ಟರ್, ಹಿಡಿದಿದ್ದ ಗುಂಡಿಯನ್ನೂ ಬಿಟ್ಟ. ಸಂದೇಶ ಅರ್ಧಕ್ಕೇ ಊರು ಸೇರಿತು.

ಊಟದ ಬಿಡುವಿನಲ್ಲಿ ರೋಸಿಯ ವರದಿ ಬಂತು. ಕುಣಿಯುತ್ತಿದ್ದವರೆಲ್ಲ ಎತ್ತಿದ ಕಾಲು ಎತ್ತಿದಂತೆಯೇ ನಿಂತರಂತೆ. ಮೈಕಿನಲ್ಲಿ ಲೆಸ್ಟರನ ದನಿ ಕೇಳಿ ಪಾದ್ರಿಗಳೂ ರಸ್ತೆಯತ್ತ ತಿರುಗಿ ವ್ಯಾನ್ ಹುಡುಕಿದರಂತೆ. ಇನಾಸ್ ನಕ್ಕ. ಆಮೇಲೆ, ಮತ್ತೆ ಯಾರು ಮುಗಿಸಿದರು ಎಂದು ಕೇಳಿ ಕಳಿಸಿದ. ಉತ್ತರ ಬರುವವರೆಗೆ ಊಟದ ಡಬ್ಬಿ ಮುಚ್ಚಿಟ್ಟು ಕಾದ.

"ಯಾರೂ ಮುಗಸಿಲ್ಲೋ ತಮ್ಮಾ," ಎಂದಿತು ರೋಸಿಯ ದನಿ. "ಡಮಾಮಿ ಪೀಠದ ಬಾಜೂಕ ಇಟ್ಟೇವಿ. ನೀ ಶುರು ಮಾಡಿದ್ದು, ನೀನ ಬಂದು ಮುಗಸಬೇಕು."

ಸಂಜೆ ಗೇಟಿನಲ್ಲಿ ವಾಚ್‌ಮನ್ ಎಂದಿನಂತೆ ಊರ ಸುದ್ದಿ ಕೇಳಿದ.

"ಹಬ್ಬ ಇನ್ನೂ ನಡದೈತಿ," ಎಂದ ಇನಾಸ್.

ವಾಚ್‌ಮನ್ ಎಲ್ಲ ತಿಳಿದವನಂತೆ ತಲೆಯಾಡಿಸಿ, ಅವನ ಭುಜ ತಟ್ಟಿದ.