ನಾನು ಬರೆಯದೆ ಬಿಟ್ಟ ಚಾವಣಿ

ಇವತ್ತು ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದೆ, ಫೋನು ಟಣ್ ಎಂದಿತು. ಆ ಹೊತ್ತಿನಲ್ಲಿ ಸದ್ದು ಮಾಡುವ ಅಭ್ಯಾಸ ನನ್ನ ಫೋನಿಗಿಲ್ಲ. ನೋಡಿದರೆ ಸಿಂದಗಿಯ ಮಾಸ್ತರರ ಸಂದೇಶ. "ಸರ್, ಮಸೂತಿ ಊರ ಕಡೆ ಎಲ್ಲಾ ಮನಿ ಮುಗದಾವ್ರಿ. ಹೊಲದಾಗ ಒಂದ ಚಾವಣಿ ಉಳದೈತಿ. ನಕಾಶೆದಾಗ ಅದನ್ನೊಂದು ಬರದು ಬಿಡ್ರಿ." ಕೆಳಗೆ ಆಕಾಶದಿಂದ ತೆಗೆದ ಚಿತ್ರ. ಎರೆಹೊಲದ ನಡುವೆ ಬಿಳಿಯ ತಗಡು, ಪಕ್ಕದಲ್ಲಿ ಬಾವಿ. ನೋಡುತ್ತ ನಿಂತೆ, ಮುಖದ ಮೇಲಿನ ಸೋಪು ಒಣಗಿಹೋಯಿತು.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ಬೇಡವಾದರೆ ನೀವು ಹಾರಿಸಿಕೊಂಡು ಹೋಗಬಹುದು. ನಾನು ನಿವೃತ್ತ ಬಸ್ ಕಂಡಕ್ಟರ್. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ಈ ನಾಲ್ಕು ಊರುಗಳ ನಡುವೆ ಸೀಟಿ ಊದುತ್ತಲೇ ತಲೆ ಬೆಳ್ಳಗಾಯಿತು. ಹೆಂಡತಿ ತೀರಿಕೊಂಡ ವರ್ಷವೇ ನೌಕರಿಯೂ ಮುಗಿಯಿತು. ಮಕ್ಕಳಿಲ್ಲ. ದಿನವಿಡೀ ಜನರ ಗದ್ದಲದಲ್ಲಿ ಇದ್ದವನು ಬಾಗೇವಾಡಿಯ ಎರಡು ಕೋಣೆಯ ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತ ಕೂತೆ. ಒಂದು ದಿನ ಹಾಲಿನವನಿಗೆ "ಮುಂದ ಸರೀರಿ, ಒಳಗ ಜಾಗ ಐತಿ" ಎಂದುಬಿಟ್ಟೆ. ಅವನೂ ನಕ್ಕ, ನಾನೂ ನಕ್ಕೆ. ಅವನು ಹೋದ ಮೇಲೆ ನಗು ಬರಲಿಲ್ಲ.

ಅಂಥ ದಿನಗಳಲ್ಲಿ ಸಿಕ್ಕವರು ಈ ಮಾಸ್ತರರು. ಯಾರು ಬೇಕಾದರೂ ಸೇರಿ ಬರೆಯಬಹುದಾದ ನಕಾಶೆಯೊಂದು ಫೋನಿನಲ್ಲಿದೆ, ನಮ್ಮ ಭಾಗ ಮಾತ್ರ ಅದರಲ್ಲಿ ಬೋಳಾಗಿದೆ ಎಂದರು. "ಈ ದಾರಿ ನಿಮಗ ಗೊತ್ತಿದ್ದಷ್ಟು ಯಾರಿಗೆ ಗೊತ್ತೈತ್ರಿ?" ಎಂದೂ ಸೇರಿಸಿದರು. ಹೊಗಳಿಕೆ ತಲೆಗೇರಿತು. ಆಮೇಲೆ ನಾನು ಬರೆದದ್ದನ್ನು ಹೇಳಿದರೆ ನಗುತ್ತೀರಿ. ಬೇವಿನ ಗಿಡ, ಕೂರುವ ಕಟ್ಟೆ, ಕೆಟ್ಟುನಿಂತ ಬೋರು, ಕಬ್ಬಿನ ಹಾಲಿನ ಗಾಡಿ ನಿಲ್ಲುವ ಜಾಗ, ಎಮ್ಮೆ ಅಡ್ಡ ಬರುವ ತಿರುವು. ಮಾಸ್ತರರು ಹಣೆ ಚಚ್ಚಿಕೊಂಡರು.

"ಎಮ್ಮಿ ಹಾಕಬ್ಯಾಡ್ರಿ ಸರ್. ನಾಳೆ ಅದು ಇರಂಗಿಲ್ಲ."

"ಅದು ಹೋದ್ರ ಅದರ ಕರ ಬರ್ತೈತ್ರಿ. ಅಲ್ಲಿ ಬ್ರೇಕ್ ಹಾಕಿದವರು ನಾವು."

ಎಷ್ಟು ಬರೆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ನಕಾಶೆ ಬರೆಯುವವರ ಗುಂಪಿನಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ಅದು ಮುಗಿಯದಿರಲಿ ಎಂಬುದೇ ನನ್ನ ಆಸೆಯಾಗಿತ್ತು. ಮುಗಿದರೆ ನನ್ನ ಜೊತೆ ಮಾತಾಡುವವರು ಯಾರು?

ನಮ್ಮ ಕಡೆಯ ಬಸ್ಸು ನಿಲ್ದಾಣದಲ್ಲಷ್ಟೇ ನಿಲ್ಲುವುದಿಲ್ಲ. ಜನ ಸೀಟಿನಿಂದ ಏಳುತ್ತ ಕೂಗುವ ಹೆಸರಿನಲ್ಲೂ ನಿಲ್ಲುತ್ತದೆ. "ಗೌಡರ ಕಣದ ಹತ್ರ ಇಳಸ್ರಿ", "ಹುಸೇನಬಿ ಬಾವಿ ಬಂತು, ತಡೀರಿ ತಡೀರಿ". ಟಿಕೆಟ್ಟಿನ ಮೇಲೆ ಇಂಥ ಹೆಸರು ಇರುವುದಿಲ್ಲ. ಮುಂದಿನ ಊರಿಗೆ ಟಿಕೆಟ್ ಹರಿದು ಕೊಟ್ಟು, ಈ ಹೆಸರುಗಳನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಅವನ್ನೆಲ್ಲ ನಾನು ನಕಾಶೆಗೆ ಇಳಿಸಿದೆ. ಬಸ್ಸಿನಲ್ಲಿ ಎಲ್ಲರೆದುರು ಕೂಗಿದ ಹೆಸರು ಎಲ್ಲರದು ಎಂದುಕೊಂಡದ್ದು ನನ್ನ ಕಂಡಕ್ಟರ್ ಬುದ್ಧಿ.

ಚಿತ್ರದಲ್ಲಿದ್ದ ಆ ಬಿಳಿ ತಗಡಿನ ಕೆಳಗೆ ಆಗ ಹುಸೇನಬಿ ಒಬ್ಬರೇ ಇದ್ದರು. ನಲವತ್ತು ದಾಟಿದ ಹೆಂಗಸು. ಗಂಡ ತೀರಿದ ಮೇಲೆ ಮುದ್ದೇಬಿಹಾಳದ ಅಣ್ಣ ಎಷ್ಟು ಕರೆದರೂ ಹೋಗಿರಲಿಲ್ಲ. ನಾಲ್ಕಾರು ಆಡು, ಒಂದು ಹೊಲಿಗೆ ಯಂತ್ರ, ಆ ಬಾವಿ, ಇಷ್ಟರಲ್ಲೇ ಸುಖವಾಗಿದ್ದರು. "ಅಲ್ಲಿ ಹೋದ್ರ ನಾ ಬರೇ ತಂಗಿ. ಇಲ್ಲಿ ನಾ ಹುಸೇನಬಿ" ಎನ್ನುತ್ತಿದ್ದರು. ವಾರಕ್ಕೊಮ್ಮೆ ನಕಾಶೆಯ ನೆಪ ಹೇಳಿಕೊಂಡು ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ಆಡುಗಳ ಕತೆ ಹೇಳುತ್ತ ಚಹಾ ಕೊಡುತ್ತಿದ್ದರು. ಆ ವಾರದಲ್ಲಿ ನಾನು ಕೇಳುವ ಮನುಷ್ಯರ ಮಾತು ಬಹುಮಟ್ಟಿಗೆ ಅಷ್ಟೇ. ಒಂದು ದಿನ ಬಾವಿ ಬರೆದೆ, ಹೆಸರು ಬರೆದೆ, 'ಕುಡಿಯಲು ಸಿಹಿನೀರು' ಎಂದೂ ಬರೆದೆ. ಕೇಳಿ ಬರೆಯಬೇಕೆಂದು ತೋಚಲೇ ಇಲ್ಲ.

ಆ ಬೇಸಿಗೆಯಲ್ಲಿ ಒಮ್ಮೆ ಹೋದಾಗ ಹಾಡುಹಗಲೇ ಒಳಗಿನಿಂದ ಅಗಳಿ ಹಾಕಿತ್ತು. ನನ್ನ ದನಿ ಕೇಳಿದ ಮೇಲೆ ತೆಗೆದರು.

"ಆಲಮಟ್ಟಿ ಡ್ಯಾಮ್ ನೋಡಾಕ ಹೋಗೂ ಮಂದಿ ದಿನಾ ಬರಾಕತ್ತಾರ್ರಿ, ಕಂಡಕ್ಟರ್ ಕಾಕಾ. ನೀರು ಕುಡೀಲಿ, ನಾ ಬ್ಯಾಡ ಅನ್ನಂಗಿಲ್ಲ. ಮೊನ್ನಿ ನಾಕು ಮಂದಿ ಬಾವ್ಯಾಗ ಇಳದು ಈಜ್ಯಾಡಿದ್ರು. ಹೋಗ್ರಿ ಅಂದ್ರ, 'ಹುಸೇನಬಿ, ಸಿಟ್ಟಾಗಬ್ಯಾಡ' ಅಂತ ನಕ್ರು. ನನ್ನ ಹೆಸರು ಅವರಿಗೆ ಯಾರು ಹೇಳಿದ್ರು?"

ಗೊತ್ತಿಲ್ಲ ಎನ್ನಬಹುದಿತ್ತು. ಎಂದಿದ್ದರೆ ಆ ಕಟ್ಟೆ ನನಗೆ ಉಳಿಯುತ್ತಿತ್ತು. ಹಾಗೆ ಹೇಳಿಬಿಡಲೇ ಎಂದು ಮನಸ್ಸು ಆಸೆಪಟ್ಟದ್ದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಕೊನೆಗೆ ಫೋನು ತೆಗೆದು ತೋರಿಸಿದೆ. "ನಾನ ಬರದೇನ್ರಿ" ಎಂದೆ.

ಪರದೆಯ ಮೇಲಿನ ತಮ್ಮ ಹೆಸರನ್ನು ಅವರು ಬಹಳ ಹೊತ್ತು ನೋಡಿದರು. "ಬಸ್ಸಿನ್ಯಾಗ ನನ್ನ ಹೆಸರು ಹೇಳಿ ಇಳೀತಿದ್ದವರು ನನ್ನ ಮಾರಿ ಬಲ್ಲವರು. ಅವರು ಯಾರಂತ ನನಗೂ ಗೊತ್ತಿತ್ತು" ಎಂದರು. ಫೋನು ನನ್ನ ಕೈಗೆ ಕೊಡುತ್ತ ಮತ್ತೊಂದು ಮಾತು ಹೇಳಿದರು. "ಮಂದಿ ಬೇಕಾಗಿದ್ದು ನಿಮಗ, ಕಾಕಾ. ನಿಮ್ಮ ಮನಿ ಬರೀಬೇಕಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಎದುರಿಗೇ ಎಲ್ಲವನ್ನೂ ಅಳಿಸಿದೆ, ಅರ್ಧ ನಿಮಿಷದ ಕೆಲಸ. ಆದರೆ ಒಮ್ಮೆ ದಾರಿ ಕಂಡವರು ಮರೆಯಲಿಲ್ಲ, ಗೆಳೆಯರಿಗೂ ಹೇಳಿದರು. ಮಳೆಗಾಲ ಹಿಡಿಯುವುದರೊಳಗೆ ಹುಸೇನಬಿ ಆಡು ಮಾರಿ, ಹೊಲಿಗೆ ಯಂತ್ರ ಹೇರಿಕೊಂಡು ಅಣ್ಣನ ಮನೆಗೆ ಹೋದರೆಂದು ಹಳೆಯ ಡ್ರೈವರ್ ಒಬ್ಬ ಹೇಳಿದ. ಕ್ಷಮೆ ಕೇಳಬೇಕೆಂದು ಒಮ್ಮೆ ಮುದ್ದೇಬಿಹಾಳಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಗಿರಮಿಟ್ ತಿಂದು, ಹೋದ ಬಸ್ಸಿಗೇ ತಿರುಗಿ ಬಂದೆ. ಅವರು ಬರೇ ತಂಗಿಯಾಗಿ ಕೂತಿರುವುದನ್ನು ನೋಡುವ ಧೈರ್ಯ ನನಗಾಗಲಿಲ್ಲ. ಇದಾಗಿ ನಾಲ್ಕೈದು ವರ್ಷವಾಯಿತು.

ಮುಖ ತೊಳೆದುಕೊಂಡು ಬಂದು ಮಾಸ್ತರರಿಗೆ ಫೋನು ಮಾಡಿದೆ. ಆ ಚಾವಣಿ ಹಾಗೇ ಇರಲಿ ಎಂದೆ.

"ಯಾಕ್ರಿ ಸರ್? ಖಾಲಿ ಮನಿ ಅದು. ಬರದ್ರ ಯಾರಿಗೇನು ತ್ರಾಸ?"

"ಆಕಿ ತಿರುಗಿ ಬಂದ್ರ?"

"ಹಂಗಾದ್ರ ಬಿಡ್ರಿ" ಎಂದರು ಮಾಸ್ತರರು.

ಫೋನು ಇಟ್ಟ ಮೇಲೆ, ಇಷ್ಟು ವರ್ಷ ಮಾಡದ ಕೆಲಸವೊಂದನ್ನು ಮಾಡಿದೆ. ನಕಾಶೆಯನ್ನು ಬಾಗೇವಾಡಿಯ ನಮ್ಮ ಓಣಿಗೆ ಸರಿಸಿದೆ. ಅಕ್ಕಪಕ್ಕದ ಮನೆಗಳ ಗುರುತೆಲ್ಲ ನನ್ನ ಕೈಯವೇ, ನನ್ನ ಮನೆಯದು ಮಾತ್ರ ಇರಲಿಲ್ಲ. ನಾಲ್ಕು ಗೆರೆ ಎಳೆದೆ. ಹೆಸರಿನ ಜಾಗದಲ್ಲಿ ಬೆರಳು ನಿಂತಿತು. ಪೂರ್ತಿ ಹೆಸರು ಬರೆದರೆ ಗುರುತು ಹಿಡಿಯುವವರು ಯಾರಿದ್ದಾರೆ? 'ಕಂಡಕ್ಟರ್ ಕಾಕಾನ ಮನೆ' ಎಂದು ಬರೆದೆ. ಹಾಗೆ ನನ್ನನ್ನು ಕರೆದದ್ದು ಒಬ್ಬರೇ. ಅದರ ಕೆಳಗೆ 'ಕುಡಿಯಲು ನೀರು' ಎಂದೆ, ಆಮೇಲೆ 'ಕೂತು ಮಾತಾಡಲು ಜಾಗ' ಎಂದು ಸೇರಿಸಿದೆ.

ನಕಾಶೆಗೆ ಇಂಥ ವಿವರ ಸಲ್ಲುವುದಿಲ್ಲ. ಮಾಸ್ತರರು ಇವತ್ತಲ್ಲ ನಾಳೆ ನೋಡಿ ಅಳಿಸುತ್ತಾರೆ, ನನಗೆ ಗೊತ್ತು. ಅಷ್ಟರೊಳಗೆ ಯಾರಾದರೂ ಒಬ್ಬರು ಬರಲಿ ಎಂದು ಬಾಗಿಲು ತೆರೆದು ಕೂತಿದ್ದೇನೆ.