ಕುರ್ಚಿಯ ಮೇಲಿದ್ದ ಕೈ

ಮೊನ್ನೆ ದೇಶಪಾಂಡೆ ನಗರದಲ್ಲಿ ಪಟಗಳಿಗೆ ಕಟ್ಟು ಹಾಕುವವನ ಅಂಗಡಿಗೆ ಹೋಗಿದ್ದೆ. ಅಂಟು, ವಾರ್ನಿಶು, ಹಳೆಯ ರಟ್ಟು... ಆ ವಾಸನೆಗೇ ಮನಸ್ಸಿನೊಳಗೆ ಏನೋ ಮಿಸುಕಾಡಿತು. ನನ್ನ ಅತ್ತೆಯ ಮದುವೆಯ ಫೋಟೋವನ್ನು ಕಟ್ಟಿನ ಮೇಲಿಟ್ಟು ಅಳೆದ ಅವನು, "ಬಾಜೂಕ ಒಂದೀಟು ಕತ್ತರಿಸಬೇಕಾಗ್ತದ್ರಿ ಅಕ್ಕಾರ" ಎಂದು ಕತ್ತರಿ ಎತ್ತಿಕೊಂಡ. ನನಗೆ ನಮ್ಮ ಇತಿಹಾಸದ ಮಾಸ್ತರರು ನೆನಪಾದರು.

ಅರವತ್ತರ ದಶಕದ ಆರಂಭ. ನಾನು ಧಾರವಾಡದಲ್ಲಿ ಏಳನೆಯ ಇಯತ್ತೆ ಓದುತ್ತಿದ್ದೆ. ಮಾಸ್ತರರು ಸಣಕಲು ಮನುಷ್ಯ, ಒಗೆದು ಒಗೆದು ನವೆದ ಖಾದಿ ಅಂಗಿ. ಸ್ವಾತಂತ್ರ್ಯ ಚಳವಳಿಯಲ್ಲಿ ಲಾಠಿ ಏಟಿಗೆ ಮುರಿದ ಬಲಗೈ ಕಿರುಬೆರಳು ಸೊಟ್ಟಗೇ ಕೂಡಿಕೊಂಡಿತ್ತು. ಹಲಗೆಯ ಮೇಲೆ ಬರೆಯಲು ಖಡು ಹಿಡಿದರೆ ಅದೊಂದೇ ಹೊರಗೆ ಚಾಚುತ್ತಿತ್ತು. ಪಾಠ ಅಶೋಕನಿಂದ ಶುರುವಾಗಲಿ, ಅಕ್ಬರನಿಂದ ಶುರುವಾಗಲಿ, ಮುಗಿಯುವುದು ಮಾತ್ರ ಮುಗದದ ಹತ್ತಿರದ ಒಂದು ತೋಟದ ಮನೆಯಲ್ಲಿ. ಅದು ನಮ್ಮ ಕಡೆಯ ದೊಡ್ಡ ರಾಜಕೀಯ ಮನೆತನದ್ದು. ಆ ಮನೆಯ ಹಿರಿಯರು ಚಳವಳಿಯ ಮುಂದಾಳು, ಮಗ ಆಗ ಮಂತ್ರಿ.

"ಜೇಲಿನಿಂದ ಬಿಟ್ಟ ದಿನಾ ಹಿರ್ಯಾರು ನಮ್ಮನ್ನೆಲ್ಲಾ ಅಲ್ಲಿಗೆ ಕರಕೊಂಡು ಹೋದ್ರು. ಅವತ್ತ ತಗಸಿದ ಪಟ ಇನ್ನೂ ಪಡಸಾಲ್ಯಾಗ ಐತಿ. ಅವರ ಕುರ್ಚಿ ಮ್ಯಾಲೆ ಕೈ ಇಟ್ಟು ನಿಂತಾಂವ ನಾನ" ಎನ್ನುತ್ತಿದ್ದರು.

ಅವರಿಗೆ 'ಬುರುಡೆ ಮಾಸ್ತರ' ಎಂದು ಹೆಸರಿಟ್ಟವಳು ನಾನೇ. ನನ್ನ ನಾಲಿಗೆ ಆಗಲೂ ಉದ್ದ. ಹೆಸರು ಸಾಲೆಯ ತುಂಬ ಹಬ್ಬಿ ಅವರ ಕಿವಿಗೂ ಬಿತ್ತು. ಅವರು ಸಿಟ್ಟಾಗಲಿಲ್ಲ. "ನಡೀರಿ, ಕಣ್ಣಾರೆ ತೋರಸ್ತೇನಿ" ಎಂದು ಒಂದು ರವಿವಾರ ನಮ್ಮನ್ನು ಹೊರಡಿಸಿದರು.

ಮುಗದದವರೆಗೆ ರೈಲು, ಅಲ್ಲಿಂದ ಭತ್ತದ ಗದ್ದೆಗಳ ನಡುವೆ ನಡಿಗೆ. ಇಸ್ತ್ರಿ ಮಾಡಿದ ಟೊಪ್ಪಿಗೆ ಹಾಕಿಕೊಂಡು ಮಾಸ್ತರರು ನಮಗಿಂತ ಮುಂದೆ ಮುಂದೆ ಹೋಗುತ್ತಿದ್ದರು. ಮಾವಿನ ಮರಗಳ ಕತ್ತಲೆಯಲ್ಲಿ ಆ ಮನೆ... ಮುಚ್ಚಿದ ಕಿಟಕಿಗಳು, ಬೆತ್ತದ ಕುರ್ಚಿಗಳಿಗೆ ಹೊದಿಸಿದ ಬಿಳಿ ಬಟ್ಟೆ, ಬಾವಲಿಯ ನಾತ. ಮನೆಯವರು ಮಾವಿನ ಸುಗ್ಗಿಗೆ ಮಾತ್ರ ಬರುತ್ತಿದ್ದರಂತೆ. ಬೀಗ ತೆಗೆದ ಗುಮಾಸ್ತರಿಗೆ ಮಾಸ್ತರರ ಗುರುತು ಹತ್ತಲಿಲ್ಲ.

ಪಟ ಇತ್ತು. ಹೊಸ ಕಟ್ಟು, ಥಳಥಳ ಗಾಜು. ಎಡಕ್ಕೆ ನಾಲ್ಕೈದು ಜನ, ಬಲಕ್ಕೆ ಕುರ್ಚಿಯಲ್ಲಿ ಹಿರಿಯರು. ಅವರ ಆಚೆಗೆ ಚಿತ್ರವೇ ಇರಲಿಲ್ಲ.

"ಹಳೀ ಕಟ್ಟಿಗೆ ಗೆದ್ದಲಾ ಹತ್ತಿತ್ರಿ. ಮಂತ್ರಿ ಸಾಹೇಬರು ಹೊಸಾದು ಕಳಿಸಿದ್ರು. ಅದರಾಗ ಪಟ ಹಿಡಸಲಿಲ್ಲ, ಬಾಜೂಕ ಒಂದೀಟು ಕತ್ತರಿಸಿದ್ವಿ" ಎಂದರು ಗುಮಾಸ್ತರು.

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು.

ನಾನು ಪಟದ ಹತ್ತಿರವೇ ನಿಂತಿದ್ದೆ. ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಉಳಿದಿತ್ತು, ಮಣಿಕಟ್ಟಿನವರೆಗೆ. ಕಿರುಬೆರಳು ಸೊಟ್ಟಗೆ ಹೊರಗೆ ಚಾಚಿತ್ತು. ನನ್ನ ಕಣ್ಣು ಎಲ್ಲಿ ನಿಂತಿದೆ ಎಂದು ಮಾಸ್ತರರು ನೋಡಿದರು. "ನೋಡಿದ್ಯಲ್ಲವ್ವಾ?" ಎಂದು ಮೆಲ್ಲಗೆ ಕೇಳಿದರು.

ಹೌದೆಂದರೆ ಹೆಸರಿಟ್ಟವಳ ಮಾನ ಹೋಗುತ್ತಿತ್ತು. "ಏನ್ರೀ ಸರ?" ಎಂದೆ.

ತಾವೇ ಬೆರಳು ಮಾಡಿ ತೋರಿಸಬಹುದಿತ್ತು. ನಗುವ ಮಕ್ಕಳ ಮುಂದೆ ಅದು ಬೇಡವಾಯಿತೋ ಏನೋ... ಟೊಪ್ಪಿಗೆ ತೆಗೆದು ಕಿಸೆಯಲ್ಲಿಟ್ಟುಕೊಂಡು ಹೊರಗೆ ನಡೆದರು.

ಆಮೇಲಿನ ಪಾಠಗಳಲ್ಲಿ ಅವರು ಪುಸ್ತಕದಲ್ಲಿ ಇದ್ದಷ್ಟನ್ನೇ ಓದಿ ಹೇಳಿದರು. ತೋಟದ ಮನೆಯ ಸುದ್ದಿ ಮತ್ತೆ ಬರಲಿಲ್ಲ. ಮರುವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು, ನಾನು ಕಾಲೇಜು ಸೇರುವ ಹೊತ್ತಿಗೆ ಅವರು ತೀರಿಕೊಂಡರೆಂದು ತಿಳಿಯಿತು. ಒಮ್ಮೆ ಹೋಗಿ ತಪ್ಪಾಯಿತು ಎನ್ನಬೇಕು ಎಂದುಕೊಳ್ಳುತ್ತಲೇ ಇದ್ದೆ... ನಾಲಿಗೆ ಉದ್ದ ಇದ್ದು ಏನು ಬಂತು!

"ಇವರು ನಿಮ್ಮ ಪೈಕೀನ ಏನ್ರಿ?" ಅಂಗಡಿಯವನ ಕತ್ತರಿಯ ತುದಿ ಫೋಟೋದ ಅಂಚಿನಲ್ಲಿತ್ತು. ಅಲ್ಲಿ ತಂಬಿಗೆ ಹಿಡಿದು ನಿಂತ ಒಬ್ಬ ಹೆಂಗಸು. ನಮ್ಮ ಮನೆಯಲ್ಲಿ ಯಾರಿಗೂ ಅವಳ ಗುರುತಿಲ್ಲ.

"ಗೊತ್ತಿಲ್ಲಪಾ. ಕತ್ತರಿ ಕೆಳಗಿಡು" ಎಂದೆ.

ಕಟ್ಟು ದೊಡ್ಡದಾಯಿತು, ಗೋಡೆಯ ಮೇಲೆ ಸ್ವಲ್ಪ ಅಂದಗೇಡಿಯಾಗಿಯೇ ಕಾಣುತ್ತದೆ. ಇದರಿಂದ ಮಾಸ್ತರರಿಗೆ ಆಗುವುದೇನೂ ಇಲ್ಲ. ಅವರಿಗೆ ಬೇಕಾಗಿದ್ದದ್ದು ಅಂದು, ಆ ಪಡಸಾಲೆಯಲ್ಲಿ, ನನ್ನ ಬಾಯಿಂದ ಒಂದು "ಹೂನ್ರೀ ಸರ."